ಬೆಕ್ಕು ಬೆಳ್ಳಿಯ ಹಲ್ಲಿನ ವಿಷಯವಾಗಿ ಚಿಕ್ಕಮ್ಮನವರಿಗೆ

ಚಿಕ್ಕಮ್ಮ, ನಮಸ್ಕಾರ. ಬೆಳ್ಳಿಯ ಕೆಳದವಡೆಯ ಹಲ್ಲೊಂದು ಅಡುಗೆಮನೆಯಲ್ಲಿ ಬಿದ್ದು ಸಿಕ್ಕಿತೆಂದೂ, 13 ವರ್ಷದ ಬೆಕ್ಕಿಗೆ ಹಲ್ಲು ಉದುರುವುದು ಸಹಜವಲ್ಲವೇ ಎಂದೂ ನಿನ್ನೆ ಗುಂಪಿನಲ್ಲಿ ಕೇಳಿದ್ದಿರಿ. ಈ ವಯಸ್ಸಿನಲ್ಲಿ ಆಸ್ಪತ್ರೆಗೆ ಒಯ್ದು ಹಿಂಸೆ ಕೊಡುವುದು ಬೇಡ, ಹಾಲನ್ನ ಕಲಸಿ ಹಾಕಿದರೆ ಸಾಕು ಎಂದು ಭಾವ ಹೇಳಿದರು. ಅವರ ಮಾತಿನ ಹಿಂದಿರುವ ಕರುಣೆ ನನಗೆ ಅರ್ಥವಾಗುತ್ತದೆ. ನಮ್ಮ ಬೆಕ್ಕು ಕಾಳಿಯ ವಿಷಯದಲ್ಲಿ ನಾನೂ ಹಾಗೆಯೇ ಯೋಚಿಸಿ ಸುಮಾರು ಒಂದು ವರ್ಷ ಸುಮ್ಮನಿದ್ದೆ. ಆ ವರ್ಷವಿಡೀ ಅದು ಸದ್ದಿಲ್ಲದೆ ನೋವು ಸಹಿಸಿತ್ತೆಂಬುದು ಆಮೇಲೆ ತಿಳಿಯಿತು. ಆದ್ದರಿಂದ ತುಸು ದೀರ್ಘವಾಗಿಯೇ ಹೇಳುತ್ತೇನೆ.

ಬೆಕ್ಕಿಗೆ ಹಲ್ಲು ಸಹಜವಾಗಿ ಉದುರುವುದು ಮರಿಯಾಗಿದ್ದಾಗ ಮಾತ್ರ. ಸುಮಾರು ಮೂರರಿಂದ ಆರು ತಿಂಗಳ ನಡುವೆ 26 ಹಾಲುಹಲ್ಲುಗಳು ಹೋಗಿ 30 ಶಾಶ್ವತ ಹಲ್ಲುಗಳು ಬರುತ್ತವೆ. ಆನಂತರ ಬಿದ್ದ ಹಲ್ಲಿನ ಹಿಂದೆ ರೋಗವೋ ಪೆಟ್ಟೋ ಇದ್ದೇ ಇರುತ್ತದೆ. ಹಲ್ಲಿಗೆ ಪಾಚಿ ಕಟ್ಟಿ, ಒಸಡು ಊದಿ, ಬೇರನ್ನು ಹಿಡಿದ ಮೂಳೆ ಸವೆಯುವುದು ಒಂದು ಕಾರಣ. ಇದು ನಮಗೂ ಬರುವಂಥದ್ದೇ. ಇನ್ನೊಂದು ಬೆಕ್ಕುಗಳಲ್ಲಿ ಬಹಳವಾಗಿ ಕಾಣುವ ರೋಗ. ಹಾಲುಹಲ್ಲಿನ ಬೇರನ್ನು ಕರಗಿಸಿ ಉದುರಿಸುವ ಕೆಲಸ ಮಾಡುವಂಥ ಜೀವಕೋಶಗಳೇ ದೊಡ್ಡ ಬೆಕ್ಕಿನಲ್ಲಿ ಶಾಶ್ವತ ಹಲ್ಲನ್ನು ಕರಗಿಸತೊಡಗುತ್ತವೆ. ಹೀಗೇಕೆ ಆಗುತ್ತದೆಂಬುದು ವೈದ್ಯರಿಗೂ ಇನ್ನೂ ಪೂರ್ಣವಾಗಿ ತಿಳಿದಿಲ್ಲ. ಕೆಳದವಡೆಯಲ್ಲಿ ಕೋರೆಹಲ್ಲಿನ ಹಿಂದಿರುವ ಮೊದಲ ಹಲ್ಲಿಗೇ ಇದು ಹೆಚ್ಚಾಗಿ ತಗಲುತ್ತದೆ. ಕರಗಿದ ಜಾಗದಲ್ಲಿ ನರ ತೆರೆದುಕೊಂಡರೆ ನೋವು ವಿಪರೀತ. ಕೊನೆಗೆ ಮೇಲ್ಭಾಗ ಮುರಿದು ಬಿದ್ದು, ಬೇರು ಒಸಡಿನೊಳಗೇ ಉಳಿದುಬಿಡಬಹುದು. ನಿಮಗೆ ಸಿಕ್ಕಿದ ಹಲ್ಲಿಗೆ ಉದ್ದನೆಯ ಬೇರು ಇದೆಯೇ, ಇಲ್ಲವೇ ಗಿಡ್ಡಗೆ ಮುರಿದಂತಿದೆಯೇ ಎಂದು ದಯವಿಟ್ಟು ನೋಡಿ, ಅದನ್ನು ಎಸೆಯದೆ ಒಂದು ಕಾಗದದಲ್ಲಿ ಸುತ್ತಿಡಿ.

ಬೆಳ್ಳಿ ಊಟ ಮಾಡುತ್ತಿದೆ, ಹಾಗಾಗಿ ನೋವಿರಲಾರದು ಎಂದು ಬರೆದಿದ್ದಿರಿ. ನಾನು ಮೋಸಹೋದದ್ದು ಇಲ್ಲಿಯೇ. ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಹಲ್ಲು ಎಷ್ಟೇ ನೊಂದರೂ ಹಸಿವಿಗೆ ತಿನ್ನುತ್ತಲೇ ಇರುತ್ತದೆ. ಕಾಳಿ ತಟ್ಟೆಯ ಬಳಿಗೆ ಆಸೆಯಿಂದ ಓಡಿ ಬಂದು, ಒಂದು ತುತ್ತು ಬಾಯಿಗೆ ಹಾಕಿಕೊಂಡೊಡನೆ ಕತ್ತು ವಾಲಿಸಿ ಅದನ್ನು ಕೆಳಗೆ ಬೀಳಿಸುತ್ತಿತ್ತು. ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟು, ಬೆನ್ನಿನ ಕೂದಲು ಗಂಟುಗಟ್ಟಿತ್ತು. ಜೊಲ್ಲು, ಬಾಯಿಯ ದುರ್ವಾಸನೆ, ಮುಂಗಾಲಿನಿಂದ ಬಾಯಿ ಉಜ್ಜಿಕೊಳ್ಳುವುದು, ಒಂದೇ ಪಕ್ಕದಲ್ಲಿ ಅಗಿಯುವುದು ಇವುಗಳಲ್ಲಿ ಯಾವುದಾದರೂ ಬೆಳ್ಳಿಯಲ್ಲಿ ಇದೆಯೇ ಎಂದು ಗಮನಿಸಿ, ಅದು ಉಣ್ಣುವಾಗ ಮೊಬೈಲಿನಲ್ಲಿ ಒಂದು ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ಕುಳಿತ ಬೆಕ್ಕಿಗಿಂತ ಆ ವಿಡಿಯೊವೇ ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಇಂಥ ಹಲ್ಲನ್ನು ಅರಿವಳಿಕೆ ಕೊಟ್ಟು ತೆಗೆಯಬೇಕಾಗುತ್ತದೆ. ಭಾವನವರ ಭಯ ಆ ಅರಿವಳಿಕೆಯದ್ದು. ಅದು ಸುಳ್ಳು ಭಯವಲ್ಲ. ವಯಸ್ಸಾದ ಬೆಕ್ಕುಗಳಲ್ಲಿ ಮೂತ್ರಪಿಂಡದ ತೊಂದರೆ ಸಾಮಾನ್ಯ. ಆದ್ದರಿಂದಲೇ ಮೊದಲು ರಕ್ತ ಪರೀಕ್ಷೆ ಮಾಡಿ, ಹೃದಯ ಪರೀಕ್ಷಿಸಿ, ಆಮೇಲೆ ನಿರ್ಧರಿಸುತ್ತಾರೆ. ವಯಸ್ಸೊಂದೇ ಕಾರಣವಾಗಿ ಯಾರೂ ಬೇಡವೆನ್ನಬೇಕಾಗಿಲ್ಲ. ಬೇರಿನ ಸ್ಥಿತಿ ಎಕ್ಸ್‌-ರೇಯಲ್ಲಲ್ಲದೆ ಬರಿಗಣ್ಣಿಗೆ ಕಾಣದು, ಹಾಗಾಗಿ ಹಲ್ಲಿನ ಎಕ್ಸ್‌-ರೇ ಸೌಲಭ್ಯ ಇದೆಯೇ ಎಂದು ಮೊದಲೇ ಫೋನಿನಲ್ಲಿ ವಿಚಾರಿಸಿ. ಒಂದು ಮಾತನ್ನು ಮಾತ್ರ ಕೈಮುಗಿದು ಹೇಳುತ್ತೇನೆ: ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನೂ ಕೊಡಬೇಡಿ. ಬೆಕ್ಕಿನ ಪ್ರಾಣ ಹೋಗಲು ಅಷ್ಟೇ ಸಾಕು.

ಹಲ್ಲೇ ಇಲ್ಲದ ಮೇಲೆ ತಿನ್ನುವುದು ಹೇಗೆ ಎಂಬ ನಿಮ್ಮ ಚಿಂತೆ ನನ್ನದೂ ಆಗಿತ್ತು. ಬೆಕ್ಕಿನ ದವಡೆ ನಮ್ಮದರಂತೆ ಅಕ್ಕಪಕ್ಕ ಆಡುವುದಿಲ್ಲ, ಅದಕ್ಕೆ ಅರೆಯುವ ಹಲ್ಲುಗಳೂ ಇಲ್ಲ. ಹಲ್ಲಿರುವುದು ಹಿಡಿಯಲು, ಕತ್ತರಿಸಲು. ನಾವು ತುಂಡು ಮಾಡಿ ಹಾಕುವ ಊಟಕ್ಕೆ ಅದು ಬೇಕಾಗಿಯೇ ಇಲ್ಲ. ಕಾಳಿಯ 11 ಹಲ್ಲುಗಳನ್ನು ತೆಗೆದರು. ಎರಡು ವಾರ ಮೆತ್ತನೆಯ ಊಟ, ಆಮೇಲೆ ಮೊದಲಿನಂತೆ. ಹಲ್ಲು ತೆಗೆಸಿದ ಮೂರನೆಯ ವಾರ ಅದು ಕಿಟಕಿಯ ಬಳಿ ಕುಳಿತು ಬೆನ್ನು ನೆಕ್ಕಿಕೊಳ್ಳುವುದನ್ನು ಕಂಡು ನನಗೆ ಅಳು ಬಂತು.

ಹಾಲನ್ನದ ಬಗ್ಗೆಯೂ ಹೇಳಿಬಿಡುತ್ತೇನೆ. ಬಹಳಷ್ಟು ದೊಡ್ಡ ಬೆಕ್ಕುಗಳಿಗೆ ಹಾಲು ಜೀರ್ಣವಾಗದು. ಅದೂ ಅಲ್ಲದೆ ಮುಖ್ಯವಾಗಿ ಮಾಂಸಾಹಾರದಿಂದ ಸಿಗುವ ಟಾರಿನ್ ಎಂಬ ಪೋಷಕಾಂಶದ ಕೊರತೆಯಾದರೆ ಹೃದಯಕ್ಕೂ ಕಣ್ಣಿಗೂ ಹಾನಿ. ಸದ್ಯಕ್ಕೆ ಅದರ ಎಂದಿನ ಆಹಾರವನ್ನೇ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಬೇಯಿಸಿದ ಮೀನನ್ನು ಮುಳ್ಳು ಬಿಡಿಸಿ, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಸೇರದಂತೆ ಜೊತೆಗೆ ಸ್ವಲ್ಪ ಕೊಡಿ. ಒಂದು ಇಡೀ ದಿನ ಏನನ್ನೂ ಮುಟ್ಟದಿದ್ದರೆ ಕಾಯಬೇಡಿ, ಅದೇ ದಿನ ಕರೆದೊಯ್ಯಿರಿ. ಬೆಕ್ಕು ಉಪವಾಸವಿದ್ದರೆ ಯಕೃತ್ತು ಬೇಗ ಕೆಡುತ್ತದೆ.

ಶನಿವಾರ ನಾನು ಊರಿಗೆ ಬರುತ್ತಿದ್ದೇನೆ, ಕಾಳಿಯ ಬುಟ್ಟಿಯನ್ನೂ ತರುತ್ತೇನೆ. ಭಾವನವರೂ ಜೊತೆಗೆ ಬಂದು, ಅರಿವಳಿಕೆಯ ವಿಷಯವನ್ನು ವೈದ್ಯರನ್ನೇ ನೇರವಾಗಿ ಕೇಳಲಿ.