ಘಾಟಿ ಹತ್ತುವಾಗ ಕಾಯುವ ಹಳೆಯ ಟರ್ಬೋ ಡೀಸೆಲ್: ನಿಮ್ಮ ಅನುಭವ ಹೇಳಿ

ಕೇಳಿದವರು, ನಾಪೋಕ್ಲು

ನನ್ನದು 2008ರ ಏಳು ಆಸನದ ಟರ್ಬೋ ಡೀಸೆಲ್. ಎರಡೂವರೆ ಲೀಟರಿನ ಎಂಜಿನ್, ಎರಡು ಲಕ್ಷ ಕಿಲೋಮೀಟರ್ ದಾಟಿದೆ. ನಾಪೋಕ್ಲಿನಿಂದ ಮಡಿಕೇರಿಗೆ ಹೋಗಿಬರಲು ಯಾವ ತಕರಾರೂ ಇಲ್ಲ. ಮಂಗಳೂರಿನಿಂದ ಜನ, ಸಾಮಾನು ತುಂಬಿಕೊಂಡು ಸಂಪಾಜೆ ಘಾಟಿ ಹತ್ತುವಾಗ ಮಾತ್ರ ಜೋಡುಪಾಲ ದಾಟುತ್ತಿದ್ದಂತೆ ಬಿಸಿ ತೋರಿಸುವ ಮುಳ್ಳು ಮೇಲೇರುತ್ತದೆ. ಮದೆನಾಡಿನಲ್ಲಿ ನಿಲ್ಲಿಸಿ, ತಣಿಸಿ, ಮತ್ತೆ ಹೊರಡಬೇಕು. ಆಗಾಗ ರೇಡಿಯೇಟರಿಗೆ ಜೋಡಿಸಿದ ಡಬ್ಬಿಗೆ ನೀರು ಹಾಕುತ್ತಲೇ ಇದ್ದೇನೆ. ಒಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟ್ (ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುವ ವಾಲ್ವ್) ತೆಗೆದು ಬಿಸಾಡೋಣ ಎನ್ನುತ್ತಾರೆ, ಇನ್ನೊಬ್ಬರು ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಲೇಬೇಕು ಎನ್ನುತ್ತಾರೆ. ಮಾರುವ ಮನಸ್ಸಿಲ್ಲ. ಇಂಥ ಗಾಡಿ ಇಟ್ಟುಕೊಂಡವರು ಏನು ಮಾಡುತ್ತೀರಿ?

ಸುಂಟಿಕೊಪ್ಪ, ಕಾಫಿ ತೋಟದವರು

ಹೆಡ್ ಬಿಚ್ಚುವ ಮಾತು ಸದ್ಯಕ್ಕೆ ಬದಿಗಿಡಿ. ಮೊದಲ ಪ್ರಶ್ನೆ, ನೀವು ಹಾಕುತ್ತಿರುವ ನೀರು ಹೋಗುತ್ತಿರುವುದೆಲ್ಲಿಗೆ? ಸರಿಯಾಗಿ ಮುಚ್ಚಿದ ವ್ಯವಸ್ಥೆಗೆ ಪದೇ ಪದೇ ನೀರು ಬೇಕಾಗುವುದಿಲ್ಲ. ಅದು ತಿಳಿಯುವ ತನಕ ಉಳಿದದ್ದೆಲ್ಲ ಊಹೆ.

ಎಲ್ಲಕ್ಕಿಂತ ಅಗ್ಗದ ಅನುಮಾನದಿಂದ ಶುರು ಮಾಡಿ: ರೇಡಿಯೇಟರಿನ ಮುಚ್ಚಳ. ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿದೆ, ಅಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಡೀಸೆಲ್ ಎಂಜಿನ್ ಭಾರ ಎಳೆಯುವಾಗ ಅಷ್ಟು ಬಿಸಿ ಸಲೀಸಾಗಿ ಮುಟ್ಟುತ್ತದೆ. ಒಳಗಿನದು ಕುದಿಯದಂತೆ ತಡೆಯುವುದು ಮುಚ್ಚಳದ ಸ್ಪ್ರಿಂಗ್ ಹಿಡಿದಿಟ್ಟ ಒತ್ತಡ. ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಬರೆದಿರುವುದು ಅದೇ ಒತ್ತಡದ ಅಳತೆ. ಒಂದು ಬಾರ್ ಒತ್ತಡ ನಿಂತರೆ ಬರಿಯ ನೀರೂ 120 ಡಿಗ್ರಿಯ ಹತ್ತಿರದವರೆಗೆ ಕುದಿಯುವುದಿಲ್ಲ, ಕೂಲಂಟ್ (ಎಂಜಿನ್ ತಣಿಸಲು ನೀರಿಗೆ ಬೆರೆಸುವ ದ್ರವ) ಸೇರಿದ್ದರೆ ಇನ್ನೂ ಮೇಲೆ. ರಬ್ಬರ್ ವಾಷರ್ ಒಣಗಿ ಬಿರಿದ ಮುಚ್ಚಳ ಇಟ್ಟುಕೊಂಡು ಬಯಲುಸೀಮೆಯಲ್ಲಿ ಹೇಗೋ ಓಡಾಡಬಹುದು, ನಮ್ಮ ಘಾಟಿಯಲ್ಲಿ ಅದರ ಬಣ್ಣ ಬಯಲಾಗುತ್ತದೆ.

ಮುಚ್ಚಳದ ನಡುವೆ ಇನ್ನೊಂದು ಪುಟ್ಟ ವಾಲ್ವ್ ಇರುತ್ತದೆ. ಎಂಜಿನ್ ತಣಿದಾಗ ಡಬ್ಬಿಯ ಕೂಲಂಟನ್ನು ಒಳಗೆ ಎಳೆದುಕೊಳ್ಳುವುದು ಅದರ ಕೆಲಸ. ಬೆಳಗ್ಗೆ ಬಾನೆಟ್ ಎತ್ತಿದಾಗ ಮೇಲಿನ ಹೋಸ್ ಹೀರಿಕೊಂಡ ಹಾಗೆ ಚಪ್ಪಟೆಯಾಗಿದ್ದರೆ ಅದು ಅಂಟಿಕೊಂಡಿದೆ. ನಿಮ್ಮ ಗಾಡಿಯ ಮಾದರಿಗೆ ಬರುವ ಅಸಲಿ ಮುಚ್ಚಳವನ್ನೇ ತನ್ನಿ, ‘ಇದೂ ಕೂರುತ್ತದೆ’ ಎಂದು ಅಂಗಡಿಯವರು ಕೊಟ್ಟದ್ದನ್ನಲ್ಲ. ಗಾಡಿ ಬಿಸಿಯಿದ್ದಾಗ ತೆರೆಯಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯದು ರೇಡಿಯೇಟರಿನ ಹೊರಮೈ. ಮುಂದಿನಿಂದ ನೋಡಿದರೆ ಕಾಣುವುದು ಎಸಿಯ ಕಂಡೆನ್ಸರ್, ರೇಡಿಯೇಟರ್ ಇರುವುದು ಅದರ ಹಿಂದೆ. ಕಸ ಸೇರುವುದು ಇವೆರಡರ ನಡುವಿನ ಸಂದಿನಲ್ಲಿ. ಸಂಜೆಯ ಹೊತ್ತು ಮೇಲಿನ ತಗಡು ಬಿಚ್ಚಿ, ಫ್ಯಾನಿನ ಕಡೆಯಿಂದ ಟಾರ್ಚ್ ಹಿಡಿದು, ಸಂದಿನೊಳಗೆ ಇಣುಕಿ ನೋಡಿ. ರೇಡಿಯೇಟರಿನಲ್ಲಿ ಬೆಳಕು ತೂರಿ ಬರದ ಜಾಗದಲ್ಲಿ ಗಾಳಿಯೂ ತೂರುವುದಿಲ್ಲ. ನಮ್ಮ ಜೀಪಿನಲ್ಲಿ ಅಲ್ಲಿ ಸಿಲ್ವರ್ ಓಕಿನ ಎಲೆ, ಹುಳದ ರೆಕ್ಕೆ, ಮಳೆಗಾಲದ ಕೆಸರು ಸೇರಿ ಕೆಳಗಿನ ಭಾಗಕ್ಕೆ ಕಂಬಳಿ ಹೊದಿಸಿದ ಹಾಗಾಗಿತ್ತು. ನೀರು ಬಿಡುವುದಾದರೆ ಎಂಜಿನ್ ಕಡೆಯಿಂದ ಹೊರಕ್ಕೆ, ತೋಟದ ಪೈಪಿನ ಸಾಧಾರಣ ರಭಸದಲ್ಲಿ. ವಾಟರ್ ಸರ್ವಿಸಿನವರ ಗನ್ ಹತ್ತಿರ ಹಿಡಿದರೆ ರೇಡಿಯೇಟರಿನ ತೆಳು ತಗಡಿನ ರೆಕ್ಕೆಗಳೆಲ್ಲ ಮಡಚಿಕೊಳ್ಳುತ್ತವೆ, ಆಮೇಲೆ ಇದ್ದ ಗಾಳಿಯೂ ಹೋಯಿತು. ಮಳೆಗಾಲ ಮುಗಿದು ಕಾವೇರಿ ಸಂಕ್ರಮಣದ ಹೊತ್ತಿಗೆ ಈ ಕೆಲಸ ಮಾಡಿಸಿಬಿಡುವುದು ನಮ್ಮ ಮನೆಯ ರೂಢಿ.

ವಿರಾಜಪೇಟೆ, ಗ್ಯಾರೇಜು ನಡೆಸುವವರು

ಥರ್ಮೋಸ್ಟಾಟ್ ತೆಗೆಸಬೇಡಿ. ನಮ್ಮ ಕಸುಬಿನವರೇ ಹಾಗೆ ಹೇಳುತ್ತಾರೆಂದು ಗೊತ್ತು. ಹಳೆಯ ಲಾರಿಗಳ ಕಾಲದ ಅಭ್ಯಾಸ ಅದು, ಗಿರಾಕಿ ಆ ದಿನದ ಮಟ್ಟಿಗೆ ಸಮಾಧಾನವಾಗಿ ಹೋಗುತ್ತಾರೆ. ತೆಗೆದರೆ ಡಿಸೆಂಬರಿನ ಬೆಳಗಿನಲ್ಲಿ ಎಂಜಿನ್ ಕಾಯುವುದೇ ಇಲ್ಲ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಜಾಸ್ತಿ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅನೇಕ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಹಿಂಭಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ, ಬಿಸಿ ಕೂಲಂಟಿನಲ್ಲಿ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುತ್ತದೆ. ಬಿಸಿ ಇಳಿಸಲು ಕಿತ್ತದ್ದು ಘಾಟಿಯಲ್ಲಿ ಬಿಸಿಯನ್ನೇ ಏರಿಸುತ್ತದೆ.

ಅನುಮಾನವಿದ್ದರೆ ಬಿಚ್ಚಿ ಪರೀಕ್ಷಿಸಿ. ಅದರ ಮೇಲೆ 82 ಅಥವಾ 88 ಎಂದು ಕೊರೆದಿರುತ್ತದೆ. ಬೇಡವಾದ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಇಳಿಬಿಟ್ಟು, ಥರ್ಮಾಮೀಟರ್ ಹಿಡಿದು ಕಾಯಿಸಿ. ಆ ಅಂಕಿಯ ಹತ್ತಿರ ಬಾಯಿ ಬಿಡಲು ಶುರು ಮಾಡಬೇಕು. ಹತ್ತು ಹನ್ನೆರಡು ಡಿಗ್ರಿ ದಾಟುವುದರೊಳಗೆ ಪೂರ್ತಿ ತೆರೆದಿರಬೇಕು. ಮರಳಿ ಕೂರಿಸುವಾಗ ಅದರ ಅಂಚಿನಲ್ಲಿ ಅಲುಗಾಡುವ ಒಂದು ಸಣ್ಣ ಮೊಳೆಯಂಥದ್ದಿದ್ದರೆ ಅದು ಮೇಲ್ಮುಖವಾಗಿರಲಿ, ಸಿಕ್ಕಿಬಿದ್ದ ಗಾಳಿ ಹೊರಹೋಗುವುದು ಅಲ್ಲಿಂದ.

ಕೂಲಂಟ್ ಬದಲಿಸಿದ ಮೇಲೆ ಬಿಸಿಯಾಗಲು ಶುರುವಾದ ಗಾಡಿಗಳು ನನ್ನಲ್ಲಿಗೆ ಬಹಳ ಬರುತ್ತವೆ. ಒಳಗೆ ಗಾಳಿ ಉಳಿದಿರುತ್ತದೆ, ಅಷ್ಟೇ. ನಮ್ಮ ಊರಿನ ಅಂಗಳಗಳು ಹೇಗೂ ಇಳಿಜಾರು, ಮೂತಿ ಮೇಲಾಗುವಂತೆ ನಿಲ್ಲಿಸಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿಟ್ಟು, ತಣ್ಣಗಿನ ಎಂಜಿನ್ನಿಗೆ ನಿಧಾನವಾಗಿ ತುಂಬಿ, ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ. ಆಮೇಲೆ ಮುಚ್ಚಳ ತೆರೆದೇ ಐಡಲ್‌ನಲ್ಲಿ ಓಡಲು ಬಿಡಿ. ಗುಳ್ಳೆ ನಿಂತು, ಮೇಲಿನ ಹೋಸ್, ಕೆಳಗಿನ ಹೋಸ್ ಎರಡೂ ಬೆಚ್ಚಗಾಗಿ, ಹೀಟರಿನಿಂದ ಬಿಸಿ ಗಾಳಿ ಬಂದರೆ ಗಾಳಿ ಹೋಯಿತೆಂದು ಲೆಕ್ಕ. ಉಕ್ಕುವ ಮೊದಲೇ ಮುಚ್ಚಳ ಹಾಕಿ.

ಫ್ಯಾನ್ ಬೆಲ್ಟಿನಿಂದ ತಿರುಗುವ ಗಾಡಿಯಾದರೆ, ಬಿಸಿಯಾದಾಗ ಫ್ಯಾನನ್ನು ಬಿಗಿಹಿಡಿದು ತಿರುಗಿಸುವ ವಿಸ್ಕಸ್ ಕಪ್ಲಿಂಗ್ ನೋಡಿ. ಎಂಜಿನ್ ಚೆನ್ನಾಗಿ ಕಾದಿದ್ದಾಗ ಆರಿಸಿ, ಕೀ ತೆಗೆದು, ಕೈಯಿಂದ ಫ್ಯಾನ್ ತಿರುಗಿಸಿ. ಬಿಗಿಯಾಗಿ ತಡೆಯಬೇಕು. ಸುಮ್ಮನೆ ಗಿರಗಿರ ತಿರುಗಿದರೆ ಒಳಗಿನ ಸಿಲಿಕೋನ್ ಎಣ್ಣೆ ಹೋಗಿದೆ. ನಾಪೋಕ್ಲಿನವರ ಲಕ್ಷಣ, ಅಂದರೆ ಸಮತಟ್ಟಿನಲ್ಲಿ ಸರಿ, ಏರಿನಲ್ಲಿ ಬಿಸಿ, ಇದಕ್ಕೂ ಹೊಂದುತ್ತದೆ.

ಸಂಪಾಜೆ, ನಿವೃತ್ತ ಬಸ್ ಚಾಲಕ

ಓಡಿಸುವುದರಲ್ಲೂ ಇದೆ. ಟರ್ಬೋ ಇದೆ, ಎಳೆಯುತ್ತದೆ ಎಂದು ದೊಡ್ಡ ಗೇರಿನಲ್ಲಿ ನಿಮಿಷಕ್ಕೆ 1400 ಸುತ್ತಿಗೆ ಒದ್ದಾಡಿಸುತ್ತಾರೆ. ಎಂಜಿನ್ನಿಗೆ ಹೊರೆ ಪೂರ್ತಿ, ಕೂಲಂಟ್ ಓಡಿಸುವ ಪಂಪೂ ಫ್ಯಾನೂ ತಿರುಗುವುದು ಅರೆಬರೆ. ಒಂದು ಗೇರ್ ಇಳಿಸಿ 2000ದಿಂದ 2500ರ ನಡುವೆ ಹತ್ತಿಸಿ, ಮುಳ್ಳು ತಾನಾಗಿ ಇಳಿಯುತ್ತದೆ. ಏರಿನಲ್ಲಿ ಎಸಿ ಬೇಡ. ತೀರ ಮೇಲಕ್ಕೆ ಹೋದರೆ ಹೀಟರ್ ಪೂರ್ತಿ ಹಾಕಿ ಕಿಟಕಿ ತೆಗೆಯಿರಿ, ಅದೂ ಒಂದು ಚಿಕ್ಕ ರೇಡಿಯೇಟರೇ. ಆವಿ ಇಲ್ಲ, ಸೋರಿಕೆ ಇಲ್ಲ ಎಂದಾದರೆ ಬದಿಗೆ ನಿಲ್ಲಿಸಿ ಐಡಲ್‌ನಲ್ಲೇ ತಣಿಸಿ. ಆವಿ ಬರುತ್ತಿದ್ದರೆ ತಕ್ಷಣ ಆರಿಸಿ. ಕಾದ ಎಂಜಿನ್ ಮೇಲೆ ತೊರೆಯ ನೀರು ಎರಚುವವರನ್ನು ಕಂಡಿದ್ದೇನೆ. ಹೆಡ್ ಬಿರಿಯಲು ಅದೊಂದು ಸಾಕು.

ಸೋಮವಾರಪೇಟೆಯಿಂದ

ಸಣ್ಣ ಸೋರಿಕೆಗೆ ಒಂದು ಚಮಚ ಅರಿಶಿನ ಪುಡಿ ಹಾಕಿ, ನಿಲ್ಲುತ್ತದೆ. ನಮ್ಮ ಪಿಕ್‌ಅಪ್ ಹಾಗೆಯೇ ಓಡುತ್ತಿದೆ. ಕೂಲಂಟಿಗೆ ದುಡ್ಡು ಸುರಿಯುವುದೇಕೆ? ಇಲ್ಲೇನು ಹಿಮ ಬೀಳುತ್ತದೆಯೇ? ಬಾವಿ ನೀರು ಸಾಕು.

ಸುಂಟಿಕೊಪ್ಪ, ಕಾಫಿ ತೋಟದವರು

ಅರಿಶಿನ ನಿಮ್ಮನ್ನು ಮನೆ ಮುಟ್ಟಿಸುತ್ತದೆ, ಒಪ್ಪಿದೆ. ಮನೆ ಮುಟ್ಟಿದ ಮೇಲೆ ಅದನ್ನು ತೊಳೆದು ತೆಗೆಯಬೇಕಲ್ಲ? ಸೋರುವ ತೂತಿಗೂ ರೇಡಿಯೇಟರಿನ ಸಪೂರ ನಾಳಕ್ಕೂ ಅದು ವ್ಯತ್ಯಾಸ ಮಾಡುವುದಿಲ್ಲ, ಎರಡನ್ನೂ ಮುಚ್ಚುತ್ತದೆ. ಮೊದಲು ಕಟ್ಟಿಕೊಳ್ಳುವುದು ಹೀಟರಿನ ಜಾಲ.

ಕೂಲಂಟ್ ಹಿಮಕ್ಕಷ್ಟೇ ಅಲ್ಲ. ಕುದಿಯುವ ಮಟ್ಟವನ್ನು ಏರಿಸುತ್ತದೆ. ಅದರಲ್ಲಿರುವ ತುಕ್ಕು ತಡೆಯುವ ರಾಸಾಯನಿಕ ಅಲ್ಯೂಮಿನಿಯಂ ಹೆಡ್ಡನ್ನೂ ಪಂಪನ್ನೂ ಕಾಪಾಡುತ್ತದೆ. ನಮ್ಮ ಬಾವಿ ನೀರು ಬಿಳಿ ಬಟ್ಟೆಗೆ ಕೆಂಪು ಕಲೆ ಬಿಡುತ್ತದೆ, ಅದನ್ನು ಎಂಜಿನ್ನಿಗೆ ಕುಡಿಸಲು ನನಗೆ ಮನಸ್ಸಿಲ್ಲ. ದಾರಿಯಲ್ಲಿ ಬೇರೆ ಗತಿಯಿಲ್ಲದಿದ್ದರೆ ಶುದ್ಧವಾಗಿ ಹಿಡಿದಿಟ್ಟ ಮಳೆನೀರು ಬಾವಿ ನೀರಿಗಿಂತ ಮೇಲು. ಮನೆಯಲ್ಲಿ ತುಂಬುವುದಾದರೆ ಗಟ್ಟಿ ಕೂಲಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಅರ್ಧ. ಬೆರೆಸಿಯೇ ಬರುವ ಡಬ್ಬಿಗೆ ಮತ್ತೆ ನೀರು ಸೇರಿಸಬೇಡಿ. ಹಸಿರು, ಗುಲಾಬಿ ಎಂಬ ಬಣ್ಣ ನೋಡಿ ಕೊಳ್ಳುವುದೂ ಬೇಡ, ಬಣ್ಣಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮವಿಲ್ಲ. ಗಾಡಿಯ ಕೈಪಿಡಿ ಯಾವ ಬಗೆ ಹೇಳುತ್ತದೋ ಅದೇ. ಮೊದಲು ಏನಿತ್ತೆಂದು ತಿಳಿಯದಿದ್ದರೆ ಪೂರ್ತಿ ಖಾಲಿ ಮಾಡಿ, ತೊಳೆದು, ಹೊಸದಾಗಿ ತುಂಬಿ.

ಗೋಣಿಕೊಪ್ಪ, ಶಿಕ್ಷಕಿ

ನನ್ನದು ಚಿಕ್ಕ ಡೀಸೆಲ್ ಕಾರು, ವಿದ್ಯುತ್ ಫ್ಯಾನ್. ಹುಣಸೂರಿಗೆ ಆನೆಚೌಕೂರಿನ ಕಾಡಿನ ಮೂಲಕ ಹೋಗಬೇಕು. ಅಲ್ಲಿ ಬಾನೆಟ್ ತೆರೆದು ನಿಲ್ಲುವ ಧೈರ್ಯ ಯಾರಿಗಿದೆ? ಹಾಗಾಗಿ ಮುಳ್ಳನ್ನು ನಂಬುವುದನ್ನೇ ಬಿಟ್ಟಿದ್ದೇನೆ. ಎಷ್ಟೋ ಕಾರುಗಳಲ್ಲಿ 80 ಡಿಗ್ರಿಗೂ ನೂರು ಡಿಗ್ರಿಗೂ ಮುಳ್ಳು ಒಂದೇ ನಡುಜಾಗದಲ್ಲಿ ನಿಲ್ಲುವಂತೆ ಮಾಡಿರುತ್ತಾರೆ. ಅದು ಅಲುಗುವ ಹೊತ್ತಿಗೆ ತಡವಾಗಿರುತ್ತದೆ. ಸ್ಟಿಯರಿಂಗ್ ಕೆಳಗಿನ ಓಬಿಡಿ ಕಿಂಡಿಗೆ ಸಿಕ್ಕಿಸುವ ಸಣ್ಣ ಬ್ಲೂಟೂತ್ ಸಾಧನ ತಂದರೆ ಮೊಬೈಲಿನಲ್ಲಿ ನಿಜವಾದ ಅಂಕಿ ಕಾಣುತ್ತದೆ. ನೆನಪಿರಲಿ, ಕೂಲಂಟ್ ಪೂರ್ತಿ ಸೋರಿಹೋಗಿ ಸೆನ್ಸರ್ ಗಾಳಿಯಲ್ಲಿದ್ದರೆ ಅದೂ ಕಡಿಮೆ ತೋರಿಸುತ್ತದೆ.

ಫ್ಯಾನಿಗೆ ಎರಡು ವೇಗ. ನಿಧಾನದ ವೇಗದ ರೆಸಿಸ್ಟರ್ ಸುಟ್ಟರೆ ವೇಗದ್ದು ಮಾತ್ರ ಉಳಿಯುತ್ತದೆ, ಅದು ಚಾಲೂ ಆಗುವುದು ತೀರ ಬಿಸಿಯಾದ ಮೇಲೆ. ಎಸಿ ಹಾಕಿದ ಕೂಡಲೇ ಫ್ಯಾನ್ ತಿರುಗದಿದ್ದರೆ ರೆಸಿಸ್ಟರ್, ಫ್ಯೂಸ್, ರಿಲೇ ನೋಡಿಸಿ. ವೈರನ್ನೂ ನೋಡಿಸಿ. ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ ಒಳಗೆ ಸಂಸಾರ ಹೂಡುವ ಇಲಿಗಳಿಗೆ ಹೋಸ್ ಬೇಡ, ವೈರೇ ರುಚಿ.

ಕೇಳಿದವರು, ನಾಪೋಕ್ಲು

ಎಲ್ಲರಿಗೂ ಧನ್ಯವಾದ. ಮುಚ್ಚಳ ಬದಲಿಸಿದೆ, ಸಂದು ತೊಳೆಸಿದೆ, ಕಪ್ಲಿಂಗ್ ಬಿಗಿಯಾಗಿಯೇ ಇದೆ. ಈಗ ಮುಳ್ಳು ಮೊದಲಿನಷ್ಟು ಏರುವುದಿಲ್ಲ. ಆದರೂ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಿದೆ, ನೆಲದ ಮೇಲೆ ಒಂದು ಹನಿಯೂ ಇಲ್ಲ. ಎಂಜಿನ್ ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ನೊರೆ ಕಂಡಿತು. ಹಾಗಾದರೆ ಹೋಗಿರುವುದು ಹೆಡ್ಡಿನ ಕೆಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ಟೇ ಅಲ್ಲವೇ?

ವಿರಾಜಪೇಟೆ, ಗ್ಯಾರೇಜು ನಡೆಸುವವರು

ನೊರೆಯೊಂದರಿಂದಲೇ ತೀರ್ಮಾನ ಬೇಡ ಸರ್. ತೇವದ ಹವೆಯಲ್ಲಿ ಪೇಟೆಗೂ ಮನೆಗೂ ಸಣ್ಣ ಓಡಾಟ ಮಾತ್ರವಾದರೆ ಎಂಜಿನ್ನಿನೊಳಗಿನ ನೀರಾವಿ ತಣ್ಣಗಿನ ಮುಚ್ಚಳದಲ್ಲಿ ಕೂತು ಹಾಗಾಗುತ್ತದೆ, ಜುಲೈಯಲ್ಲಿ ಇಲ್ಲಿಗೆ ಬರುವ ಅರ್ಧ ಗಾಡಿಗಳಲ್ಲಿ ಕಾಣುತ್ತೇನೆ. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಶುದ್ಧವಾಗಿದ್ದು ಮಟ್ಟ ಏರಿಲ್ಲದಿದ್ದರೆ ಭಯ ಕಡಿಮೆ.

ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿಯ ಮೇಲಿನ ಹೋಸನ್ನು ಬೆಳಗ್ಗೆ ಹಿಸುಕಿ. ಮೆತ್ತಗಿರಬೇಕು. ಗಟ್ಟಿಯಾಗಿ ಉಬ್ಬಿದ್ದರೆ ಸಿಲಿಂಡರಿನ ಗ್ಯಾಸ್ ಒಳಗೆ ನುಗ್ಗುತ್ತಿದೆ. ಖಚಿತವಾಗಬೇಕಾದರೆ ರೇಡಿಯೇಟರ್ ಬಾಯಿಗೆ ಇಟ್ಟು ಗಾಳಿ ಎಳೆಯುವ ನೀಲಿ ದ್ರವದ ಪರೀಕ್ಷೆ ಇದೆ. ಎಂಜಿನ್ ಸುಟ್ಟ ಗ್ಯಾಸ್ ಸೇರಿದ್ದರೆ ದ್ರವ ನೀಲಿ ಬಿಟ್ಟು ಹಸಿರಿಗೋ ಹಳದಿಗೋ ತಿರುಗುತ್ತದೆ. ಐಡಲ್‌ನಲ್ಲಿ ಡೀಸೆಲ್ ಎಂಜಿನ್ನಿನ ಹೊಗೆಯಲ್ಲಿ ಆ ಬಣ್ಣ ಬದಲಿಸುವ ಕಾರ್ಬನ್ ಡೈಆಕ್ಸೈಡ್ ಕಡಿಮೆ, ಆದ್ದರಿಂದ ಮೇಕೇರಿಯ ಏರನ್ನೋ ಮತ್ತೊಂದನ್ನೋ ಹತ್ತಿಸಿ ಕಾಯಿಸಿ ತಂದ ಮೇಲೆ ಮಾಡಿಸಿ.

ಅದೂ ಶುದ್ಧವೆಂದು ಬಂದರೆ ಹೆಡ್ ಮುಟ್ಟುವ ಮೊದಲು ಇಜಿಆರ್ ಕೂಲರ್ (ಎಂಜಿನ್ನಿಗೆ ಮರಳಿ ಕಳಿಸುವ ಹೊಗೆಯನ್ನು ತಣಿಸುವ ಭಾಗ) ನೋಡಿ, ನಿಮ್ಮ ಎಂಜಿನ್ನಿಗೆ ಅದಿದ್ದರೆ. ಅದು ಒಳಗೇ ಸೋರಿದರೆ ಕೂಲಂಟ್ ಹೊಗೆಯ ಜೊತೆ ಹೋಗುತ್ತದೆ. ನೆಲದಲ್ಲಿ ಗುರುತಿರುವುದಿಲ್ಲ, ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಸಿಹಿ ವಾಸನೆಯ ಬಿಳಿ ಹೊಗೆ ಬಂದೀತು. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನ ಸುತ್ತ ಒಣಗಿದ ಬಣ್ಣದ ಗೆರೆ ಇದೆಯೇ ಎಂದೂ ನೋಡಿ. ಸೀಲ್ ಹೋದರೆ ಕೂಲಂಟ್ ಬಿಸಿ ಎಂಜಿನ್ ಮೇಲೆ ಸೋರಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ಒತ್ತಡದ ಪಂಪು ಜೋಡಿಸಿ, ಎಂಜಿನ್ ತಣ್ಣಗಿರುವಾಗ ಮುಚ್ಚಳದ ಅಂಕಿಯವರೆಗೆ ಗಾಳಿ ತುಂಬಿಟ್ಟರೆ ಇಂಥ ಜಾಗಗಳೆಲ್ಲ ಹನಿ ಹಾಕಿ ತೋರಿಸುತ್ತವೆ. ಸೋರಿಕೆ ಎಲ್ಲೂ ಕಾಣದೆ, ಪರೀಕ್ಷೆಯ ದ್ರವ ಮಾತ್ರ ಬಣ್ಣ ಬದಲಿಸಿದರೆ ಆಗ ಹೆಡ್ ಬಿಚ್ಚಲೇಬೇಕು. ಬಿಚ್ಚಿದ ಹೆಡ್ಡನ್ನು ಮೈಸೂರಿನ ಯಾವುದಾದರೂ ಯಂತ್ರಾಗಾರದಲ್ಲಿ ಸಮತಟ್ಟು ನೋಡಿಸದೆ ಮರಳಿ ಕೂರಿಸಲು ಬಿಡಬೇಡಿ, ಹೊಸ ಬೋಲ್ಟುಗಳನ್ನೂ ಕೇಳಿ ಪಡೆಯಿರಿ.

ಹಳೆಯ ಕೂಲಂಟನ್ನು ಅಂಗಳದಲ್ಲಿ ತಟ್ಟೆಗೆ ಇಳಿಸಿಟ್ಟು ಊಟಕ್ಕೆ ಹೋಗಬೇಡಿ. ರುಚಿ ಸಿಹಿ, ನಾಯಿ ನೆಕ್ಕುತ್ತದೆ, ಸ್ವಲ್ಪವೇ ಸಾಕು ಮೂತ್ರಪಿಂಡ ಕೆಡಲು. ತೋಡಿಗೂ ಚೆಲ್ಲಬೇಡಿ. ಕ್ಯಾನಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಹಳೆಯ ಆಯಿಲ್ ಜೊತೆ ಬೆರೆಸದೆ ಗ್ಯಾರೇಜಿಗೆ ತನ್ನಿ.