ಸ್ಕ್ಯಾನ್ ಮಾಡಿಸದೇ ಪಾರ್ಕಿನ್ಸನ್ ಅಂತ ಹೇಗೆ ಹೇಳುತ್ತಾರೆ?

ಮಲೆನಾಡಿಗ: ಅಪ್ಪನಿಗೆ 66. ಆರೇಳು ತಿಂಗಳಿಂದ ಬಲಗೈ ನಡುಗುತ್ತಿದೆ. ಸುಮ್ನೆ ಕೂತು ಟಿವಿ ನೋಡುವಾಗಲೇ ಜಾಸ್ತಿ, ಲೋಟ ಹಿಡಿದರೆ ನಿಂತುಬಿಡುತ್ತದೆ. ನಿನ್ನೆ ನ್ಯೂರಾಲಜಿಸ್ಟ್ ಹತ್ತಿರ ಹೋಗಿದ್ದೆವು. ಹೆಬ್ಬೆರಳಿಗೆ ತೋರುಬೆರಳು ಬಡಿಸಿದರು, ಮಣಿಕಟ್ಟು ಹಿಡಿದು ತಿರುಗಿಸಿದರು, ಕಾರಿಡಾರಿನಲ್ಲಿ ನಡೆಸಿದರು, ಹಿಂದೆ ನಿಂತು ಭುಜ ಹಿಡಿದು ಎಳೆದೂ ನೋಡಿದರು. ಆಮೇಲೆ ಪಾರ್ಕಿನ್ಸನ್ ಅಂದು ಸಿಂಡೋಪಾ ಅನ್ನೋ ಮಾತ್ರೆ ಬರೆದರು. ಎಂಆರ್‌ಐ ಇಲ್ಲ, ಏನಿಲ್ಲ. ಇಷ್ಟು ದೊಡ್ಡ ಕಾಯಿಲೆಯನ್ನು ಕಣ್ಣಳತೆಯಲ್ಲೇ ಹೇಳೋದಾ?

ಫಿಸಿಯೋ_ಹುಬ್ಬಳ್ಳಿ: ಹೌದು ಸರ್, ಹಾಗೇ ಹೇಳೋದು. ಈ ಕಾಯಿಲೆಯಲ್ಲಿ ಎಂಆರ್‌ಐ ಸಾಮಾನ್ಯವಾಗಿ ನಾರ್ಮಲ್ ಬರುತ್ತದೆ, ಬೇರೆ ಕಾರಣದ ಅನುಮಾನ ಇದ್ದರೆ ಮಾಡಿಸುತ್ತಾರೆ ಅಷ್ಟೇ. ಡಾಕ್ಟರು ಮುಖ್ಯವಾಗಿ ಹುಡುಕೋದು ನಡುಕವನ್ನಲ್ಲ, ನಿಧಾನವನ್ನು. ಬೆರಳು ಬಡಿಯುತ್ತಾ ಹೋದಂತೆ ಬಡಿತ ಚಿಕ್ಕದಾಗುತ್ತಾ ಬರುತ್ತದಾ, ನಡೆಯುವಾಗ ಒಂದು ಕೈ ಬೀಸೋದು ಕಡಿಮೆಯಾಗಿದೆಯಾ ಅಂತ. ಅದರ ಜೊತೆ ಬಿಗಿತವೋ, ಸುಮ್ಮನಿದ್ದಾಗಿನ ನಡುಕವೋ ಇರಬೇಕು. 1817ರಲ್ಲಿ ಲಂಡನ್ನಿನ ಡಾಕ್ಟರು ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆ ಬಗ್ಗೆ ಬರೆದಿದ್ದೂ ಆರೇ ಜನರನ್ನು ನೋಡಿ, ಅದರಲ್ಲೂ ಕೆಲವರನ್ನು ಬರೀ ಬೀದಿಯಲ್ಲಿ ನೋಡಿ!

ಸುಮಾ_ಮೈಸೂರು: ಅಪ್ಪ ನುಂಗೋ ಮಾತ್ರೆಗಳನ್ನೆಲ್ಲಾ ಡಾಕ್ಟರಿಗೆ ತೋರಿಸಿದ್ರಾ? ನಮ್ಮಮ್ಮನಿಗೂ ಹೀಗೇ ಕೈ ನಡುಗಿ, ನಡಿಗೆ ನಿಧಾನವಾಗಿ, ನಾವೆಲ್ಲ ಅತ್ತು ಕರೆದು ಆದಮೇಲೆ ಗೊತ್ತಾಗಿದ್ದು, ಗ್ಯಾಸ್ಟ್ರಿಕ್ಕಿಗೆ ಅಂತ ಎರಡು ವರ್ಷದಿಂದ ತಗೊಳ್ತಿದ್ದ ಮಾತ್ರೆಯಲ್ಲಿ ಲೆವೋಸಲ್ಪಿರೈಡ್ ಇತ್ತು ಅಂತ. ಡಾಕ್ಟರೇ ನಿಲ್ಲಿಸಿದರು, ಕೆಲವು ತಿಂಗಳಲ್ಲಿ ಇಳಿಯಿತು. ತಲೆಸುತ್ತಿಗೆ ಕೊಡೋ ಸಿನ್ನರಿಝೈನ್, ಮೈಗ್ರೇನಿಗೆ ಕೊಡೋ ಫ್ಲುನರಿಝೈನ್‌ನಿಂದಲೂ ಹೀಗಾಗಬಹುದು. ನೀವಾಗಿ ಏನನ್ನೂ ನಿಲ್ಲಿಸಬೇಡಿ ಮತ್ತೆ.

ಮಲೆನಾಡಿಗ: ಈಗಷ್ಟೇ ಡಬ್ಬ ಸುರಿದು ನೋಡಿದೆ ಮೇಡಂ, ಬಿಪಿ ಮಾತ್ರೆ ಒಂದೇ ಇರೋದು. ಒಗ್ಗರಣೆ ಸೀದರೂ ಅಪ್ಪನಿಗೆ ವಾಸನೆ ಗೊತ್ತಾಗಲ್ಲ, ಮೂರ್ನಾಲ್ಕು ವರ್ಷವಾಯಿತು. ನಿದ್ದೆಯಲ್ಲಿ ಕೂಗಿ ಒದೆಯುತ್ತಾರೆ. ಸಹಿ ಚಿಕ್ಕದಾಗಿದೆ ಅಂತ ಬ್ಯಾಂಕಿನವರು ಚೆಕ್ ವಾಪಸ್ ಮಾಡಿದ್ದರು. ಇದೆಲ್ಲಾ ಹೇಳಬೇಕಿತ್ತಾ?

ಫಿಸಿಯೋ_ಹುಬ್ಬಳ್ಳಿ: ಖಂಡಿತ ಹೇಳಿ, ಮೂರೂ ಇದೇ ಕಾಯಿಲೆಯ ಕಡೆ ಬೆರಳು ತೋರಿಸುತ್ತವೆ. ಹಳೇ ಸಹಿ ಇರೋ ಕಾಗದ ಒಂದು ತಗೊಂಡು ಹೋಗಿ. ಸಿಂಡೋಪಾಗೆ ಚೆನ್ನಾಗಿ ಸ್ಪಂದಿಸಿದರೆ ಅದೂ ಒಂದು ಸಾಕ್ಷಿ, ಹಾಗಾಗಿ ಮಾತ್ರೆಗೆ ಮುಂಚೆ ಮತ್ತು ನಂತರ ಅಪ್ಪ ನಡೆಯೋದನ್ನು ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಅನುಮಾನ ಉಳಿದರೆ ಟ್ರೋಡಾಟ್ ಅನ್ನೋ ಮೆದುಳಿನ ಸ್ಕ್ಯಾನ್ ಇದೆ. ಅದನ್ನು ಡಾಕ್ಟರು ಕೇಳಿದರೆ ಮಾತ್ರ ಮಾಡಿಸಿ, ದುಡ್ಡು ಜಾಸ್ತಿ.