ಕ್ಯೂರಿಂಗ್ ಲೈಟ್‌ಗೆ ಟೈಟಾನಿಯಂ ಜೆಲ್ ಕೆಲಸ ಮಾಡುತ್ತಾ?

ಪ್ರಶ್ನೆ (ಚಿಕ್ಕಮಗಳೂರು):
ಕಾಫಿ ಕಲೆಯ ಹಲ್ಲು ಬಿಳುಪು ಮಾಡೋಕೆ 6% ಹೈಡ್ರೋಜನ್ ಪೆರಾಕ್ಸೈಡ್, ಜೊತೆಗೆ ಟೈಟಾನಿಯಂ ಡೈಆಕ್ಸೈಡ್ ಇರೋ ಜೆಲ್ ಬಂದಿದೆ. ‘ಬೆಳಕಿಗೆ ಚುರುಕಾಗುತ್ತೆ’ ಅಂತಷ್ಟೇ ಬರೆದಿದ್ದಾರೆ, ಯಾವ ಬೆಳಕು ಅಂತಿಲ್ಲ. ಫಿಲ್ಲಿಂಗ್‌ಗೆ ಹಿಡಿಯೋ, ಅದನ್ನ ಗಟ್ಟಿ ಮಾಡೋ 460 ನ್ಯಾನೋಮೀಟರ್ ನೀಲಿ ಕ್ಯೂರಿಂಗ್ ಲೈಟೇ ಸಾಕಾ?

ಉತ್ತರ 1:
ಬರೀ ಅನಟೇಸ್ (ಟೈಟಾನಿಯಂ ಡೈಆಕ್ಸೈಡಿನ ಒಂದು ಹರಳು ರೂಪ) ಆದ್ರೆ ಸಾಲಲ್ಲ. ಅದರ ಬ್ಯಾಂಡ್ ಗ್ಯಾಪ್, ಅಂದ್ರೆ ಕಣ ಚುರುಕಾಗೋಕೆ ಬೆಳಕಲ್ಲಿ ಇರಬೇಕಾದ ಕನಿಷ್ಠ ಶಕ್ತಿ, 3.2 ಎಲೆಕ್ಟ್ರಾನ್ ವೋಲ್ಟ್. ಬೆಳಕಿನ ತರಂಗದುದ್ದ ಸಿಗೋಕೆ 1240ನ್ನ 3.2ರಿಂದ ಭಾಗಿಸಿ, 387 ನ್ಯಾನೋಮೀಟರ್ ಬರುತ್ತೆ. ನಿಮ್ಮ 460ರಲ್ಲಿರೋದು 2.7 ಮಾತ್ರ. ಅರ್ಧ ಗಂಟೆ ಹಿಡಿದ್ರೂ ಅಷ್ಟೇ. 387ಕ್ಕಿಂತ ಕೆಳಗೆ ಹೋದ್ರೆ ಅಲ್ಟ್ರಾವಯಲೆಟ್, ತುಟಿ-ಒಸಡಿಗೆ ಅಪಾಯ. ಅದಕ್ಕೇ ಸಾರಜನಕ ಬೆರೆಸಿದ ಕಣ ಬಳಸ್ತಾರೆ, ಅದು ನೀಲಿ-ನೇರಳೆ ಬೆಳಕನ್ನೂ ಹೀರುತ್ತೆ. ಪೆರಾಕ್ಸೈಡ್ ಅಂಟಿದ ಕಣ ತಿಳಿ ಹಳದಿಯಾಗಿ 405ರ ನೇರಳೆ ದೀಪಕ್ಕೆ ಸ್ವಲ್ಪ ಸ್ಪಂದಿಸೋದೂ ಉಂಟು.

ನೀವೇ ನೋಡ್ಬಹುದು. ಮೂರು ಗಾಜಿನ ಸ್ಲೈಡ್ ಮೇಲೆ ಮೆಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣ ಒಂದೊಂದು ಹನಿ. ಒಂದಕ್ಕೆ ಜೆಲ್, ದೀಪ ಎರಡೂ. ಇನ್ನೊಂದಕ್ಕೆ ಜೆಲ್ ಹಾಕಿ ಕತ್ತಲಲ್ಲಿಡಿ. ಮೂರನೇದಕ್ಕೆ ದೀಪ ಮಾತ್ರ. ಮೊದಲೆರಡೂ ಒಂದೇ ಹೊತ್ತಿಗೆ ಬಣ್ಣ ಬಿಟ್ರೆ ದುಡಿತಿರೋದು ಪೆರಾಕ್ಸೈಡ್ ಒಂದೇ.

ಉತ್ತರ 2 (ಹಾಸನ):
ಸ್ಲೈಡ್ ಬಿಸಿಯಾದ್ರೆ ಆ ಪರೀಕ್ಷೆ ಕೆಟ್ಟಂಗೆ ಸಾರ್, ಕಾವಿಗೂ ಪೆರಾಕ್ಸೈಡ್ ಬೇಗ ಒಡೆಯುತ್ತೆ. ದೀಪ ದೂರ ಇಡಿ.

ಎಡವೋದು ಜೆಲ್ ದಪ್ಪದಲ್ಲಿ. ಟೈಟಾನಿಯಂ ಡೈಆಕ್ಸೈಡ್ ಅಂದ್ರೆ ಗೋಡೆ ಪೇಂಟಿನ ಬಿಳಿ ಪುಡೀನೇ, ಬೆಳಕನ್ನ ಚದುರಿಸುತ್ತೆ. ದಪ್ಪ ಬಳಿದ್ರೆ ಮೇಲಿನ ಕಣ ಎಚ್ಚರ, ಹಲ್ಲಿಗೆ ತಾಗಿದ್ದು ನಿದ್ದೆ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಬೆಳಕು ಬಿದ್ದ ಕಣದ ಮೇಲೆ ಹುಟ್ಟಿ ಕಲೆ ಒಡೆಯೋದು, ಆದ್ರೆ ಹುಟ್ಟಿದಲ್ಲೇ ಸಾಯೋ ವಸ್ತು, ಕೆಳಗಿಳಿದು ಕಲೆ ಮುಟ್ಟಲ್ಲ. ತೆಳ್ಳಗೆ ಬಳಿದು, ಒರೆಸಿ, ಹೊಸದಾಗಿ ಬಳಿಯಿರಿ. ಕಣ ತಳ ಸೇರಿರುತ್ತೆ, ಮೊದಲು ಕಲಕಿ.

ಹಲ್ಲಿನ ಬಣ್ಣ ಹೋಲಿಸೋ ಶೇಡ್ ಗೈಡ್ ಹಿಡಿಯೋದು ತುಟಿ ಎಳೆದಿಡೋ ರಿಟ್ರಾಕ್ಟರ್ ಹಾಕೋ ಮುಂಚೆ. ಒಣಗಿದ ಹಲ್ಲು ತಾನಾಗೇ ಬೆಳ್ಳಗೆ ಕಾಣುತ್ತೆ, ನಿಜವಾದ ಬಣ್ಣ ತಿಳಿಯೋದು ಒಂದೆರಡು ವಾರಕ್ಕೆ. ಒಸಡಿಗೆ ಜೆಲ್ ತಾಗದಂಗೆ ತಡೆಯೋ ಬ್ಯಾರಿಯರ್ ರೆಸಿನ್ ಹಾಕಿ, ಎನಾಮೆಲ್ ಮೇಲೆ ಅರ್ಧ ಮಿಲಿಮೀಟರ್ ಏರಿರಲಿ. ಇಲ್ಲಾಂದ್ರೆ ಸಂದೀಲಿ ಜೆಲ್ ಇಳಿದು ಒಸಡು ಬೆಳ್ಳಗೆ ಸುಟ್ಟಿರುತ್ತೆ.

ಉತ್ತರ 3:
ಅರಸೀಕೆರೆ ಕಡೆಯವರು ಬಂದ್ರೆ ಕಂದು ಕಲೆ ಕಾಫೀದೋ ಫ್ಲೋರೋಸಿಸ್ಸೋ (ನೀರಲ್ಲಿ ಫ್ಲೋರೈಡ್ ಹೆಚ್ಚಾಗಿ ಬರೋ ಕಲೆ) ಮೊದಲು ನೋಡಿ. ಬೋರ್‌ವೆಲ್ ನೀರಿನ ಕಲೆ ಇದಕ್ಕೆ ಪೂರ್ತಿ ಬಗ್ಗಲ್ಲ, ಬಿಳಿ ಮಚ್ಚೆ ಇನ್ನೂ ಎದ್ದು ಕಾಣಬಹುದು. ಬಿಳುಪು ಮಾಡಿದ ಮೇಲೆ ಹೊಸ ಫಿಲ್ಲಿಂಗ್ ಎರಡು ವಾರ ಬಿಟ್ಟು ಮಾಡಿ, ಹಲ್ಲಲ್ಲಿ ಉಳಿದ ಆಮ್ಲಜನಕ ಫಿಲ್ಲಿಂಗ್ ಅಂಟೋದನ್ನ ಕೆಡಿಸುತ್ತೆ.

ಪ್ರಶ್ನೆ ಕೇಳಿದವರು:
ಡಬ್ಬಿ ತಳದಲ್ಲಿ ‘ರೂಟೈಲ್’ ಅಂತಿದೆ.

ಉತ್ತರ 1:
ರೂಟೈಲ್‌ದು ಇನ್ನೊಂದು ಹರಳು ರೂಪ, ಬ್ಯಾಂಡ್ ಗ್ಯಾಪ್ 3.0, ಅಂದ್ರೆ 413 ನ್ಯಾನೋಮೀಟರ್. ಆದ್ರೂ 460 ಮುಟ್ಟಲ್ಲ. ಪೇಸ್ಟಿಗೆ ಹಾಕೋ ರೂಟೈಲ್ ಬಹುಪಾಲು ಬಣ್ಣಕ್ಕೆ. ಸಿಲಿಕಾ, ಅಲ್ಯುಮಿನಾ ಲೇಪ ಕೊಟ್ಟಿದ್ರಂತೂ ಕಣದ ಚುರುಕು ಬೇಕಂತಲೇ ಅಡಗಿಸಿರ್ತಾರೆ. ಲೇಪ ಇದೆಯಾ ಅಂತ ಮಾರಿದವರನ್ನ ಕೇಳಿ.